ಶ್ರುತಿ ಇಳಿಸಿಕೊಂಡು ಹಾಡೋಣ: ವಯಸ್ಸಾದಂತೆ ದೇವರ ಮನೆಯಲ್ಲಿ, ಜನರ ನಡುವೆ ನಮ್ಮ ಜಾಗ ಹುಡುಕಿಕೊಳ್ಳುವುದು ಹೇಗೆ

ಎರಡು ವರ್ಷದ ಹಿಂದಿನ ಧನುರ್ಮಾಸ. ಬೆಳಗಿನ ಐದೂಕಾಲು ಗಂಟೆ. ಮೈಸೂರಿನ ಚಳಿ. ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಶಾಲು ಹೊದ್ದುಕೊಂಡು ಹದಿನಾಲ್ಕು ಜನ ಹೆಂಗಸರು ಭಜನೆಗೆ ಕೂತಿದ್ದೆವು. ಎಂದಿನ ಹಾಗೆ ಪಲ್ಲವಿ ಎತ್ತಿದವಳು ನಾನು. ಚರಣದಲ್ಲಿ ಮೇಲಿನ ಷಡ್ಜಕ್ಕೆ ಹೋಗುವಾಗ ಗಂಟಲು ಒಡೆಯಿತು. ಬರೀ ಗಾಳಿ ಬಂತು, ದನಿ ಬರಲಿಲ್ಲ. ಹಾರ್ಮೋನಿಯಂ ಮುಂದೆ ಕೂತಿದ್ದವಳು ಹೈಸ್ಕೂಲಿನಲ್ಲಿ ನನ್ನ ಹತ್ತಿರ ಕನ್ನಡ ಕಲಿತ ಹುಡುಗಿ. ಅವಳು ಏನೂ ಹೇಳಲಿಲ್ಲ. ಮುಂದಿನ ಹಾಡಿಗೆ ಶ್ರುತಿಯನ್ನು, ಅಂದರೆ ಹಾಡುವ ದನಿಯ ಎತ್ತರವನ್ನು, ಐದೂವರೆಯಿಂದ ನಾಲ್ಕೂವರೆಗೆ ಇಳಿಸಿದಳು, ಅಷ್ಟೇ.

ಒಂದು ವಾರ ನಾನು ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೋಪ ಅವಳ ಮೇಲೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಕೋಪವಲ್ಲ, ಭಯ. ಇಪ್ಪತ್ತೆಂಟು ವರ್ಷ ಆ ಮಂಡಳಿಯಲ್ಲಿ ಮೊದಲು ಹಾಡುವವಳು ನಾನು. ಹತ್ತೊಂಬತ್ತು ವರ್ಷ ಖಜಾಂಚಿಯೂ ನಾನೇ. ದನಿ ಹೋದರೆ ನಾನು ಅಲ್ಲಿ ಯಾತಕ್ಕೆ ಬೇಕು ಅನ್ನುವ ಭಯ.

ಈಗ ನನಗೆ 67. ನನ್ನ ಓರಗೆಯವರ ಹತ್ತಿರ ಕೂತು ಮಾತಾಡಿದರೆ ಇದೇ ಭಯ ಬೇರೆ ಬೇರೆ ರೂಪದಲ್ಲಿ ಕಾಣುತ್ತದೆ. ಮೊದಲೆಲ್ಲ ಪಲ್ಲಕ್ಕಿ ಹೊರುತ್ತಿದ್ದವರಿಗೆ ಈಗ ಹೆಗಲು ಎತ್ತಲಾಗುವುದಿಲ್ಲ. ಮುನ್ನೂರು ಜನಕ್ಕೆ ಅಡುಗೆ ಮಾಡಿಸುತ್ತಿದ್ದವರಿಗೆ ಒಲೆಯ ಮುಂದೆ ಅರ್ಧ ಗಂಟೆ ನಿಂತರೆ ತಲೆ ಸುತ್ತು. ಹಾಗಾಗಿ ಕೆಲವರು ಬರುವುದನ್ನೇ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರು ಹಳೇ ಕೆಲಸವನ್ನೇ ಬಿಗಿಯಾಗಿ ಹಿಡಿದುಕೊಂಡು ಎಲ್ಲರ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಎರಡೂ ಬೇಡ. ಮಾಡುವ ಕೆಲಸ ಬದಲಾಗಬಹುದು, ಆದರೆ ಅಲ್ಲಿಂದ ಎದ್ದು ಹೋಗಬೇಕಾಗಿಲ್ಲ. ನಾನು ಮಾಡಿ ನೋಡಿದ್ದನ್ನು, ಗೆಳತಿಯರಿಂದ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಒಂದು ತಿಂಗಳು ಸುಮ್ನೆ ಬರೆದಿಡಿ

ಏನನ್ನೂ ಬಿಡಬೇಡಿ, ಹೊಸದೇನನ್ನೂ ಹಿಡಿಯಬೇಡಿ. ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ದೇವಸ್ಥಾನ, ಮಠ, ಚರ್ಚು, ಮಸೀದಿ, ಬಸದಿ, ಎಲ್ಲಿಗೆ ಹೋಗುತ್ತೀರೋ ಅಲ್ಲಿಂದ ಬಂದ ದಿನ ಮೂರು ಸಾಲು ಬರೆಯಿರಿ. ಏನು ಮಾಡಿದೆ, ಯಾರ ಜೊತೆ ಮಾತಾಡಿದೆ, ಮನೆಗೆ ಬರುವಾಗ ಮನಸ್ಸು ಹಗುರವಾಗಿತ್ತಾ ಭಾರವಾಗಿತ್ತಾ.

ನನ್ನ ಪುಸ್ತಕ ತೆಗೆದು ನೋಡಿದಾಗ ನನಗೇ ಆಶ್ಚರ್ಯವಾಯಿತು. ಲೆಕ್ಕ ಬರೆದ ದಿನ, ಶಾಮಿಯಾನದವರ ಜೊತೆ ದುಡ್ಡಿನ ಮಾತಾಡಿದ ದಿನ, ಚಂದಾ ಕೇಳಲು ಹೋದ ದಿನ, ಎಲ್ಲದರ ಮುಂದೆ ‘ಭಾರ’ ಅಂತ ಇತ್ತು. ನಾನು ಹೆಮ್ಮೆ ಪಡುತ್ತಿದ್ದ ಕೆಲಸವೇ ಅದು! ‘ಹಗುರ’ ಅಂತ ಬರೆದಿದ್ದು ಎರಡು ಕಡೆ. ಪೂಜೆ ಮುಗಿದ ಮೇಲೆ ಜಗಲಿಯಲ್ಲಿ ಕೂತು ಮಕ್ಕಳಿಗೆ ಹೂ ಕಟ್ಟುವುದನ್ನು ಹೇಳಿಕೊಟ್ಟ ದಿನ. ಇನ್ನೊಂದು, ಯಾರೂ ಇಲ್ಲದ ಮಧ್ಯಾಹ್ನ ಗರ್ಭಗುಡಿಯ ಎದುರು ಸುಮ್ನೆ ಕೂತು ಬಂದ ದಿನ.

ನಮ್ಮ ಹಿರಿಯರು ವಯಸ್ಸನ್ನು ಒಂದೇ ಉದ್ದದ ರಸ್ತೆ ಅಂತ ನೋಡಲಿಲ್ಲ, ಅಲ್ಲಲ್ಲಿ ತಂಗುದಾಣ ಇಟ್ಟರು. ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರ. ಅರವತ್ತು ತುಂಬಿದಾಗ ನಾವು ಹುಟ್ಟಿದ ಸಂವತ್ಸರವೇ ತಿರುಗಿ ಬರುತ್ತದೆ. 1965ರ ಯುಗಾದಿಗೆ ಬಂದಿದ್ದ ವಿಶ್ವಾವಸು 2025ರ ಯುಗಾದಿಗೆ ಮತ್ತೆ ಬಂತು. ಅದಕ್ಕೇ ಷಷ್ಟಿಪೂರ್ತಿ. ಎಪ್ಪತ್ತಕ್ಕೆ ಭೀಮರಥ ಶಾಂತಿ. ಆಮೇಲೆ ಸಹಸ್ರ ಚಂದ್ರದರ್ಶನ. ಸಾವಿರ ಹುಣ್ಣಿಮೆಗೆ ಲೆಕ್ಕ ಹಾಕಿ ನೋಡಿ, ಹತ್ತಿರ ಹತ್ತಿರ 81 ವರ್ಷ ಆಗುತ್ತದೆ. ಈಗ ಇವೆಲ್ಲ ಛತ್ರ, ಕ್ಯಾಟರಿಂಗ್, ಫೋಟೋ ಅಂತ ಆಗಿವೆ. ಆದರೆ ಆ ದಿನ ಗಂಡ ಹೆಂಡತಿ ಒಂದು ಗಂಟೆ ಕೂತು ‘ಮುಂದಿನ ಹತ್ತು ವರ್ಷ ನಾವು ಹೇಗಿರೋಣ’ ಅಂತ ಮಾತಾಡಿಕೊಂಡರೆ ಆ ಶಾಂತಿಗೆ ಅರ್ಥ ಬರುತ್ತದೆ ಅನ್ನುವುದು ನನ್ನ ಅನಿಸಿಕೆ. ‘ಅರವತ್ತಕ್ಕೆ ಅರಳು ಮರಳು’ ಅನ್ನುವ ಗಾದೆಯನ್ನು ನಾನು ಒಪ್ಪುವುದಿಲ್ಲ. ಅರವತ್ತಕ್ಕೆ ಬರುವುದು ಮರಳುವ ಸಂವತ್ಸರ.

ಎರಡನೇ ಹೆಜ್ಜೆ: ಮೈ ಕೇಳಿದ ಶ್ರುತಿಗೆ ಇಳಿಯಿರಿ

ಸಂಗೀತದಲ್ಲಿ ಶ್ರುತಿ ಇಳಿಸಿದರೆ ಹಾಡು ಬದಲಾಗುವುದಿಲ್ಲ. ರಾಗ ಅದೇ, ಸಾಹಿತ್ಯ ಅದೇ, ತಾಳ ಅದೇ. ವ್ರತ ನೇಮಗಳಿಗೂ ಇದೇ ಲೆಕ್ಕ.

ನೆಲದ ಮೇಲೆ ಕೂರಲು ಮಂಡಿ ಬಿಡದಿದ್ದರೆ ಕುರ್ಚಿ ಹಾಕಿಕೊಳ್ಳಿ. ಮೊದಲ ದಿನ ನನಗೆ ತುಂಬಾ ಸಂಕೋಚವಾಯಿತು. ಎಲ್ಲರೂ ಜಮಖಾನದ ಮೇಲೆ, ನಾನೊಬ್ಬಳು ಪ್ಲಾಸ್ಟಿಕ್ ಕುರ್ಚಿಯಲ್ಲಿ, ದೇವರಿಗಿಂತ ಎತ್ತರದಲ್ಲಿ ಕೂತ ಹಾಗೆ. ಮೂರನೇ ವಾರಕ್ಕೆ ಇನ್ನಿಬ್ಬರು ಕುರ್ಚಿ ಕೇಳಿದರು. ಅಷ್ಟು ದಿನ ಅವರೂ ನೋವು ನುಂಗಿಕೊಂಡು ನೆಲದ ಮೇಲೆ ಕೂರುತ್ತಿದ್ದರಂತೆ. ಕುರ್ಚಿಗಳನ್ನು ಗೋಡೆಯ ಪಕ್ಕ ಸಾಲಾಗಿ ಹಾಕಿಸಿ, ಆಗ ಹಿಂದಿನವರಿಗೆ ದೇವರು ಮರೆಯಾಗುವುದಿಲ್ಲ.

ಉಪವಾಸದ ವಿಷಯದಲ್ಲಿ ಹಟ ಬೇಡ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಏಕಾದಶಿಗೋ ರಂಜಾನಿಗೋ ಮುಂಚೆ ಡಾಕ್ಟರ ಹತ್ತಿರ ಹೋಗಿ ಕೇಳಿ. ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಒಮ್ಮೆಲೇ ಇಳಿದು ಬೀಳಬಹುದು. ಕಾಯಿಲೆಯವರಿಗೆ, ವಯಸ್ಸಾದವರಿಗೆ ಎಲ್ಲ ಧರ್ಮದಲ್ಲೂ ಸಡಿಲಿಕೆ ಇದೆ. ಊಟ ಬಿಡಲಾಗದಿದ್ದರೆ ಆ ದಿನ ಬೇರೆ ಏನನ್ನಾದರೂ ಬಿಡಿ. ನಾನು ಏಕಾದಶಿ ದಿನ ಟಿವಿ ಹಾಕುವುದಿಲ್ಲ, ಯಾರ ಮೇಲೂ ದೂರು ಹೇಳುವುದಿಲ್ಲ. ಎರಡನೆಯದು ಊಟ ಬಿಡುವುದಕ್ಕಿಂತ ಕಷ್ಟ.

ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುವುದನ್ನು ನೀವು ನೋಡಿರಬಹುದು. ನಾನೂ ಹಾಗೆ ಹತ್ತಿದವಳೇ. ಈಗ ಬೆಟ್ಟದ ಪಾದದಲ್ಲಿ ಮೊದಲ ಹತ್ತು ಮೆಟ್ಟಿಲಿಗೆ ಮಾತ್ರ ಹಚ್ಚುತ್ತೇನೆ. ಆಮೇಲೆ ಅಲ್ಲೇ ಪಕ್ಕದಲ್ಲಿ ಮಡಿಸುವ ಸ್ಟೂಲು ಹಾಕಿಕೊಂಡು, ಕ್ಯಾನಿನಲ್ಲಿ ತಂದ ನೀರುಮಜ್ಜಿಗೆಯನ್ನು ಇಳಿದು ಬರುವವರಿಗೆ ಸ್ಟೀಲ್ ಲೋಟದಲ್ಲಿ ಕೊಡುತ್ತೇನೆ. ಮಂಡಿ ನಡುಗುತ್ತಾ ಇಳಿದು ಬಂದವರು ಲೋಟ ಹಿಡಿದಾಗ ಅವರ ಬೆರಳ ತುದಿಯ ಅರಿಶಿನ ಲೋಟಕ್ಕೆ ಅಂಟುತ್ತದೆ. ಮನೆಗೆ ಬಂದು ತೊಳೆಯುವಾಗ ಆ ಹಳದಿ ಗುರುತು ನೋಡಿದರೆ ನಾನೇ ಸಾವಿರ ಮೆಟ್ಟಿಲು ಹತ್ತಿ ಬಂದ ಹಾಗೆ ಅನಿಸುತ್ತದೆ.

ದೂರದ ಯಾತ್ರೆಯನ್ನೂ ಪೂರ್ತಿ ಬಿಡಬೇಕಾಗಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಮಗನ ಹತ್ತಿರ ಕೈ ಚಾಚದೆ ಧರ್ಮಸ್ಥಳ ನೋಡಿ ಬಂದ ಎಷ್ಟೋ ಅಜ್ಜಿಯರು ನನಗೆ ಗೊತ್ತು. ಹಬ್ಬ, ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋಗಿ. ನಾಲ್ಕು ಜನ ಜೊತೆಗೂಡಿ. ಗುರುತಿನ ಚೀಟಿ, ಮಾತ್ರೆ, ಮನೆಯವರ ನಂಬರ್ ಬರೆದ ಚೀಟಿ ಚೀಲದಲ್ಲಿ ಇರಲಿ. ಒಂದು ದಿನಕ್ಕೆ ಒಂದೇ ಕ್ಷೇತ್ರ ಸಾಕು.

ಮೂರನೇ ಹೆಜ್ಜೆ: ಬೀಗದ ಕೈ ಕೊಡುವುದು

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮುಜರಾಯಿ ದೇವಸ್ಥಾನಗಳ ವ್ಯವಸ್ಥಾಪನಾ ಸಮಿತಿಗೆ ಕಾನೂನೇ ಮೂರು ವರ್ಷದ ಅವಧಿ ಇಟ್ಟಿದೆ. ನಮ್ಮ ಭಜನಾ ಮಂಡಳಿ, ಮಹಿಳಾ ಸಮಾಜ, ಉತ್ಸವ ಸಮಿತಿಗಳಿಗೆ ಯಾವ ಅವಧಿಯೂ ಇಲ್ಲ. ‘ನೀವೇ ಇರಿ, ನೀವಿಲ್ಲದಿದ್ದರೆ ನಡೆಯಲ್ಲ’ ಅಂತ ಜನ ಹೇಳುತ್ತಾ ಹೋಗುತ್ತಾರೆ, ನಾವು ನಂಬುತ್ತಾ ಹೋಗುತ್ತೇವೆ. ಆಮೇಲೆ ಒಂದು ದಿನ ಬಿದ್ದು ಕಾಲು ಮುರಿದುಕೊಂಡು ಮಲಗಿದಾಗ ಪಾಸ್‌ಬುಕ್ ಎಲ್ಲಿದೆ, ರಸೀದಿ ಪುಸ್ತಕ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಗಟ್ಟಿ ಇರುವಾಗಲೇ ಕೊಡಬೇಕು.

ಖಜಾಂಚಿ ಕೆಲಸ ಒಪ್ಪಿಸಲು ನಾನು ಆರು ತಿಂಗಳು ತಗೊಂಡೆ. ಮೊದಲ ಎರಡು ತಿಂಗಳು ಕೆಲಸ ನನ್ನದೇ. ಹೊಸಬಳು ಪಕ್ಕದಲ್ಲಿ ಕೂತು ನೋಡಿದಳು. ಮಧ್ಯದ ಎರಡು ತಿಂಗಳು ಅವಳು ಬರೆದಳು, ನಾನು ನೋಡಿದೆ. ಕೊನೆಯ ಎರಡು ತಿಂಗಳು ಅವಳು ಕರೆದರೆ ಮಾತ್ರ ನಾನು ಹೋದೆ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಸಭೆಯ ನಿರ್ಣಯದ ಪ್ರತಿ, ಇಬ್ಬರ ಆಧಾರ್, ಪ್ಯಾನ್ ಕೇಳಿದರು. ನಿಮ್ಮಲ್ಲೂ ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆಸಿ, ಎಲ್ಲರ ಸಹಿ ಹಾಕಿಸಿಕೊಂಡೇ ಹೋಗಿ. ಖಾತೆಯಲ್ಲಿರುವ ದುಡ್ಡು, ಕೈಯಲ್ಲಿರುವ ದುಡ್ಡು, ದೇವರ ಬೆಳ್ಳಿ ಸಾಮಾನು, ಪಾತ್ರೆ, ಜಮಖಾನ, ಹಾರ್ಮೋನಿಯಂ ಎಲ್ಲವನ್ನೂ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಬೇಕು. ನೆಂಟಸ್ತಿಕೆ ಚೆನ್ನಾಗಿದ್ದರೂ ಇದನ್ನು ಬಿಡಬೇಡಿ, ಚೆನ್ನಾಗಿಯೇ ಉಳಿಯಲಿ ಅಂತಲೇ ಮಾಡಿ.

ಲೆಕ್ಕದ ಪುಸ್ತಕದಲ್ಲಿ ಇಲ್ಲದ್ದು ಇನ್ನೊಂದಿದೆ, ನಿಮ್ಮ ತಲೆಯಲ್ಲಿರುವುದು. ಅದನ್ನೂ ಬರೆದು ಕೊಡಿ. ನಾನು ಬರೆದುಕೊಟ್ಟ ಒಂದು ಪುಟ ಹೀಗಿತ್ತು: ‘ರಾಮನವಮಿಗೆ ಇನ್ನೂರು ಜನ. ಪಾನಕಕ್ಕೆ 20 ಲೀಟರ್ ನೀರು, ಮೂರು ಕೆ.ಜಿ. ಬೆಲ್ಲ, 25 ನಿಂಬೆಹಣ್ಣು. ಬೆಲ್ಲ ಹಿಂದಿನ ರಾತ್ರಿಯೇ ಕರಗಿಸಿ ಸೋಸಬೇಕು, ಮರಳು ಇರುತ್ತದೆ. ಕೋಸಂಬರಿಗೆ ನಾಲ್ಕು ಕೆ.ಜಿ. ಹೆಸರುಬೇಳೆ, ಉಪ್ಪು ಹಂಚುವ ಹೊತ್ತಿಗೆ ಹಾಕಬೇಕು, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಹೂವಿನವಳಿಗೆ ಎರಡು ದಿನ ಮುಂಚೆ ಹೇಳಬೇಕು, ಅವಳಿಗೆ ಫೋನ್ ಕೇಳಿಸುವುದಿಲ್ಲ, ಮಾರ್ಕೆಟ್ಟಿಗೇ ಹೋಗಬೇಕು.’

ಪುಸ್ತಕ ಒಪ್ಪಿಸಿದ ಸಂಜೆ ನೆನಪಿದೆ. ಬೆನ್ನಿಗೆ ಕೆಂಪು ಬಟ್ಟೆ ಅಂಟಿಸಿದ ದಪ್ಪ ರಿಜಿಸ್ಟರ್, ಅದರ ಮೂಲೆಗಳು ನನ್ನ ಬೆರಳು ತಾಗಿ ತಾಗಿ ದುಂಡಗಾಗಿದ್ದವು. ಕೊಟ್ಟ ಮೇಲೂ ನಾನು ಅದರ ಮೇಲಿಂದ ಕೈ ತೆಗೆದಿರಲಿಲ್ಲ. ಅವಳು ಎಳೆಯಲಿಲ್ಲ, ಕಾದಳು. ‘ಮಿಸ್, ಮೊದಲ ಪುಟದಲ್ಲಿ ಶ್ರೀ ನೀವೇ ಬರೆದುಕೊಡಿ’ ಅಂದಳು. ಬರೆದೆ. ಕೈ ತಾನಾಗಿ ಎದ್ದು ಬಂತು.

ಕೊಟ್ಟ ಮೇಲೆ ಒಂದು ವರ್ಷ ಬಾಯಿ ಬಿಗಿ ಹಿಡಿಯಿರಿ. ಅವರು ಯುಪಿಐ ಕೋಡ್ ಅಂಟಿಸುತ್ತಾರೆ, ವಾಟ್ಸಾಪ್‌ನಲ್ಲಿ ಆಮಂತ್ರಣ ಕಳಿಸುತ್ತಾರೆ, ಕೋಸಂಬರಿಗೆ ಮೊದಲೇ ಉಪ್ಪು ಹಾಕುತ್ತಾರೆ. ಹಾಕಲಿ. ಕೇಳಿದರೆ ಹೇಳಿ. ದುಡ್ಡಿನ ತಪ್ಪು, ಯಾರಿಗಾದರೂ ಅವಮಾನ ಆಗುವ ತಪ್ಪು, ಇವೆರಡು ಕಂಡರೆ ಮಾತ್ರ ಕೇಳದೆಯೇ ಹೇಳಿ, ಅದೂ ಪಕ್ಕಕ್ಕೆ ಕರೆದು.

ನಾಲ್ಕನೇ ಹೆಜ್ಜೆ: ನಿಮ್ಮ ಹತ್ತಿರ ಮಾತ್ರ ಇರುವುದನ್ನು ದಾಟಿಸಿ

ಕೈ ಖಾಲಿಯಾದಾಗ ಕಾಣುತ್ತದೆ, ನಮ್ಮ ಹತ್ತಿರ ಬೇರೆಯವರಲ್ಲಿ ಇಲ್ಲದ ಎಷ್ಟೋ ಇದೆ ಅಂತ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು. ಗೌರಿಗೆ ಬಾಗಿನ ಜೋಡಿಸುವ ಕ್ರಮ. ಊರ ದೇವರ ಜಾತ್ರೆಯಲ್ಲಿ ಯಾವ ಕೇರಿಯವರಿಗೆ ಯಾವ ಹಕ್ಕು, ಯಾಕೆ. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಹೊಸ ಅಕ್ಕಿಯ ಊಟಕ್ಕೆ ಯಾವ ತರಕಾರಿ, ಎಷ್ಟು ಬಗೆ ಅನ್ನುವುದು ಅಜ್ಜಿಗೇ ಸರಿಯಾಗಿ ಗೊತ್ತಿರುವುದು, ಅಲ್ವಾ?

ಅಂಕೋಲೆಯ ಸುಕ್ರಿ ಬೊಮ್ಮಗೌಡ ಅವರನ್ನು ನೆನೆಯಿರಿ. ಶಾಲೆಗೆ ಹೋದವರಲ್ಲ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ತಲೆಯಲ್ಲೇ ಇಟ್ಟುಕೊಂಡಿದ್ದರು, ಕಿರಿಯರಿಗೆ ಕಲಿಸಿದರು. ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧವೂ ನಿಂತರು. 2017ರಲ್ಲಿ ಪದ್ಮಶ್ರೀ ಬಂದಾಗ ಅವರು ಹಣ್ಣು ಹಣ್ಣು ಮುದುಕಿ. 2025ರಲ್ಲಿ ತೀರಿಕೊಂಡರು. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಗಮಕಿ, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವ ಎಚ್.ಆರ್. ಕೇಶವಮೂರ್ತಿ ಅವರಿಗೆ ಪದ್ಮಶ್ರೀ ಬಂದದ್ದು 2022ರಲ್ಲಿ, ಎಂಬತ್ತು ದಾಟಿದ ಮೇಲೆ. ನಮಗೆ ಪ್ರಶಸ್ತಿ ಬರಬೇಕಾಗಿಲ್ಲ. ನಮ್ಮ ಹತ್ತಿರ ಇರುವುದು ಹತ್ತು ಹಾಡೇ ಇರಬಹುದು. ಆ ಹತ್ತು ಇನ್ನೊಬ್ಬರ ಬಾಯಿಗೆ ಹೋದರೆ ಆಯಿತು.

ಮಾಡುವ ಕ್ರಮ ಸುಲಭ. ಮೊಬೈಲಿನ ರೆಕಾರ್ಡರ್ ತೆರೆಯಿರಿ. ಫ್ಯಾನ್ ಆರಿಸಿ, ಕುಕ್ಕರ್ ಇಳಿಸಿ. ಒಂದು ರೆಕಾರ್ಡಿಂಗಿಗೆ ಒಂದೇ ಹಾಡು. ಹಾಡುವ ಮುಂಚೆ ಹಾಡಿನ ಮೊದಲ ಸಾಲು, ಯಾರಿಂದ ಕಲಿತಿರಿ, ಯಾವ ಊರು, ಯಾವ ಸಂದರ್ಭಕ್ಕೆ ಹಾಡುತ್ತಾರೆ ಅಂತ ಮಾತಿನಲ್ಲಿ ಹೇಳಿ. ದನಿ ಒಡೆದರೆ ಒಡೆಯಲಿ, ಮತ್ತೆ ಮತ್ತೆ ಅಳಿಸಿ ಹಾಡಬೇಡಿ. ಇಬ್ಬರಿಗೆ ಕಳಿಸಿ, ಒಬ್ಬರ ಫೋನ್ ಹಾಳಾದರೆ ಇನ್ನೊಬ್ಬರಲ್ಲಿ ಇರುತ್ತದೆ. ಸಾಹಿತ್ಯವನ್ನು ಕೈಯಲ್ಲೇ ಬರೆದಿಡಿ.

ಆದರೆ ರೆಕಾರ್ಡು ಮಾಡಿ ಮುಗಿಯಿತು ಅನ್ನಬೇಡಿ. ಎದುರು ಕೂರಿಸಿಕೊಂಡು ಕಲಿಸಿ. ವಾರಕ್ಕೊಂದು ದಿನ, ಮುಕ್ಕಾಲು ಗಂಟೆ, ಇಬ್ಬರು ಮಕ್ಕಳು ಬಂದರೂ ಸಾಕು. ತಿದ್ದುವುದು ಕಡಿಮೆ ಇರಲಿ. ನಾನು ಮೊದಲು ಉಚ್ಚಾರಣೆ ತಿದ್ದಿ ತಿದ್ದಿ ಮೂರು ಮಕ್ಕಳನ್ನು ಕಳೆದುಕೊಂಡೆ. ಈಗ ಮೊದಲು ಹಾಡಲಿ ಅಂತ ಬಿಡುತ್ತೇನೆ. ಹಕಾರ ಅಕಾರ ಆಮೇಲೆ ಸರಿಹೋಗುತ್ತದೆ.

ಐದನೇ ಹೆಜ್ಜೆ: ಹೊರಗೆ ನಿಂತವರನ್ನು ಒಳಗೆ ಕರೆಯಿರಿ

ಇದನ್ನು ಬರೆಯುವಾಗ ನನಗೆ ಈಗಲೂ ಹೊಟ್ಟೆ ಸಂಕಟವಾಗುತ್ತದೆ.

ನಮ್ಮ ಮಂಡಳಿಯಲ್ಲಿ ನನಗಿಂತ ಹಿರಿಯರೊಬ್ಬರಿದ್ದರು. ನನಗೆ ಮೊದಲ ದೇವರನಾಮ ಹೇಳಿಕೊಟ್ಟವರೇ ಅವರು. ಅವರ ಯಜಮಾನರು ತೀರಿಕೊಂಡ ವರ್ಷ ನವರಾತ್ರಿಯಲ್ಲಿ ದೀಪ ಹಚ್ಚಲು ಐದು ಜನರನ್ನು ಕರೆದರು. ಮೂವತ್ತು ವರ್ಷ ಮೊದಲ ದೀಪ ಹಚ್ಚಿದ ಅವರನ್ನು ಕರೆಯಲಿಲ್ಲ. ಅರಿಶಿನ ಕುಂಕುಮದ ತಟ್ಟೆ ಅವರ ಪಕ್ಕದಲ್ಲಿ ಕೂತ ನನ್ನವರೆಗೆ ಬಂತು, ಅವರನ್ನು ದಾಟಿ ಆಚೆಯವರಿಗೆ ಹೋಯಿತು. ಅವರು ತಾಳ ಹಾಕುತ್ತಾ ಹಾಡುತ್ತಲೇ ಇದ್ದರು. ನಾನು ಹಣೆಗೆ ಕುಂಕುಮ ಇಟ್ಟುಕೊಂಡೆ, ಏನೂ ಮಾತಾಡಲಿಲ್ಲ. ಮುಂದಿನ ವಾರದಿಂದ ಅವರು ಬರಲಿಲ್ಲ. ಅವರ ಮನೆಗೆ ಹೋಗಿ ಕ್ಷಮೆ ಕೇಳಲು ನನಗೆ ಎರಡು ವರ್ಷ ಬೇಕಾಯಿತು.

ವಯಸ್ಸಾದ ಹೆಂಗಸರಿಗೆ ಭಜನೆ, ಪೂಜೆ, ನಾಲ್ಕು ಜನರ ಮಾತು ಎಲ್ಲಕ್ಕಿಂತ ಹೆಚ್ಚು ಬೇಕಾಗುವ ಹೊತ್ತಿಗೆ ಸರಿಯಾಗಿ ನಾವು ಬಾಗಿಲು ಹಾಕುತ್ತೇವೆ. ಇದು ಬದಲಾಗುತ್ತದೆ, ಬದಲಾಯಿಸಿದವರಿದ್ದಾರೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ್ದು. ಅಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ಮಾಡಿದರು. ದೇವರ ಪೂಜೆಯನ್ನೇ ಅವರ ಕೈಗೆ ಕೊಡಬಹುದಾದರೆ ನಮ್ಮ ಬಡಾವಣೆಯ ದೀಪ ಹಚ್ಚುವುದಕ್ಕೆ ಏನು ಅಡ್ಡಿ?

ದೊಡ್ಡ ಭಾಷಣ ಬೇಡ. ಅಲ್ಲಿ ಹಿರಿಯರು ನೀವೇ ಆಗಿದ್ದರೆ ನಿಮ್ಮ ಮಾತು ನಡೆಯುತ್ತದೆ, ಅದನ್ನು ಇದಕ್ಕೆ ಬಳಸಿ. ನಾವು ಮಾಡಿದ್ದು ಇಷ್ಟು. ದೀಪ ಹಚ್ಚುವವರನ್ನು ವಯಸ್ಸಿನ ಮೇಲೆ ಕರೆಯುತ್ತೇವೆ, ಹಿರಿಯರು ಮೊದಲು. ಹೂವು, ಕುಂಕುಮದ ತಟ್ಟೆ ಹಿಡಿದವರು ಯಾರನ್ನೂ ದಾಟದೆ ಎಲ್ಲರ ಮುಂದೆ ಹಿಡಿಯುತ್ತಾರೆ. ತಗೊಳ್ಳುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕಾರ್ಯಕ್ರಮದ ಹಿಂದಿನ ದಿನವೇ ‘ನಾಳೆ ಮೊದಲ ದೀಪ ನಿಮ್ಮದು, ಬೇಗ ಬನ್ನಿ’ ಅಂತ ಫೋನ್ ಮಾಡಿ. ಎಲ್ಲರ ಎದುರು ದಿಢೀರ್ ಅಂತ ಕರೆದರೆ ಅವರಿಗೆ ಮುಜುಗರವಾಗಿ ಬೇಡ ಅಂದುಬಿಡುತ್ತಾರೆ. ಇಬ್ಬರು ಇದಕ್ಕೆ ಒಪ್ಪದೆ ಮಂಡಳಿ ಬಿಟ್ಟು ಹೋದರು. ಹೋಗಲಿ ಅಂತ ನಾವು ಸುಮ್ಮನಾದೆವು.

ಆರನೇ ಹೆಜ್ಜೆ: ನಂಬಿಕೆಯೇ ಬದಲಾದರೆ ಹೆದರಬೇಡಿ

ಕೆಲವರಿಗೆ ವಯಸ್ಸಾದಂತೆ ಪೂಜೆ ಜಾಸ್ತಿಯಾಗುತ್ತದೆ. ಕೆಲವರಿಗೆ ಅದೇ ಮಂತ್ರ, ಅದೇ ಸ್ತೋತ್ರ ಬಾಯಿಗೆ ಬಂದರೂ ಒಳಗೆ ಏನೂ ಆಗುವುದಿಲ್ಲ. ಹತ್ತಿರದವರು ಹೋದಾಗ ದೇವರ ಮೇಲೇ ಸಿಟ್ಟು ಬರುವುದುಂಟು. ಇದು ಪಾಪವಲ್ಲ. ಒಂದಷ್ಟು ದಿನ ದೊಡ್ಡ ಪೂಜೆ ಬಿಟ್ಟು ಒಂದು ದೀಪ ಹಚ್ಚಿ, ಹತ್ತು ನಿಮಿಷ ಕೂತು ಎದ್ದು ಬನ್ನಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರಿಂದ 2019ರವರೆಗೆ, 111 ವರ್ಷ ಬಾಳಿದವರು. ನೂರು ದಾಟಿದ ಮೇಲೂ ಇಷ್ಟಲಿಂಗ ಪೂಜೆ ಬಿಡಲಿಲ್ಲ, ಮಠದ ಮಕ್ಕಳ ಊಟ ಓದು ವಿಚಾರಿಸುವುದನ್ನೂ ಬಿಡಲಿಲ್ಲ. ಎಲ್ಲರಿಗೂ ಎರಡೂ ಆಗುವುದಿಲ್ಲ. ಪೂಜೆ ಹಿಡಿಸದ ಕಾಲದಲ್ಲಿ ದಾಸೋಹದ ಕೆಲಸ ಹಿಡಿಯಿರಿ. ಕೈಲಾಗದ ಕಾಲದಲ್ಲಿ ಪೂಜೆಗೆ ಬನ್ನಿ.

ಒಂದು ಎಚ್ಚರ. ಎರಡು ಮೂರು ವಾರ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅಂದರೆ ಅದನ್ನು ಭಕ್ತಿಯ ಕೊರತೆ ಅಂದುಕೊಳ್ಳಬೇಡಿ. ಅದಕ್ಕೆ ಔಷಧಿ ಇದೆ, ಮಾತಾಡುವವರಿದ್ದಾರೆ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೆಯಲ್ಲಿ ಯಾರಾದರೂ ಹಿಂಸೆ ಕೊಡುತ್ತಿದ್ದರೆ, ಪಿಂಚಣಿ ಕಿತ್ತುಕೊಳ್ಳುತ್ತಿದ್ದರೆ ಹಿರಿಯರ ಸಹಾಯವಾಣಿ 14567 ಇದೆ.

ದುಡ್ಡಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಮನಸ್ಸು ಮೆತ್ತಗಿರುವಾಗ ದೋಷ ಪರಿಹಾರ, ವಿಶೇಷ ಹೋಮ ಅಂತ ಹೆದರಿಸಿ ಕೇಳುವವರು ಬರುತ್ತಾರೆ. ಹೆದರಿಸಿ ಕೇಳಿದ ಕಡೆ ಒಂದು ರೂಪಾಯಿಯೂ ಕೊಡಬೇಡಿ. ಔಷಧಿ, ಮನೆಖರ್ಚು, ಆಪತ್ತಿಗೆ ಅಂತ ತೆಗೆದಿಟ್ಟು ಉಳಿದದ್ದರಲ್ಲಿ ಮಾತ್ರ ಕಾಣಿಕೆ. ಕೊಟ್ಟದ್ದಕ್ಕೆ ರಸೀದಿ ಕೇಳಿ. ಯಾವ ಸಮಿತಿಯ ಸಾಲಕ್ಕೂ ಜಾಮೀನು ಸಹಿ ಹಾಕಬೇಡಿ.

ಏಳನೇ ಹೆಜ್ಜೆ: ಮಕ್ಕಳ ಊರಿಗೆ ಹೋದಾಗ

ಬೆಂಗಳೂರಿನ ಅಪಾರ್ಟ್‌ಮೆಂಟಿಗೋ ಅಮೆರಿಕೆಗೋ ಹೋದವರಿಗೆ ಮೊದಲ ಮೂರು ತಿಂಗಳು ಕಷ್ಟ. ದೇವಸ್ಥಾನ ಸಿಗುತ್ತದೆ, ಹೆಸರು ಹಿಡಿದು ಕರೆಯುವವರು ಸಿಗುವುದಿಲ್ಲ. ಹೋದ ಮೊದಲ ವಾರವೇ ಅಲ್ಲಿನ ಕನ್ನಡ ಕೂಟವನ್ನೋ, ಕೆಳಗೆ ಸಂಜೆ ಬೆಂಚಿನ ಮೇಲೆ ಕೂರುವವರನ್ನೋ ಹುಡುಕಿ. ಅಲ್ಲಿ ಅಧ್ಯಕ್ಷರಾಗಲು ಹೋಗಬೇಡಿ, ಒಂದು ಸಣ್ಣ ಕೆಲಸ ಕೇಳಿ ತಗೊಳ್ಳಿ. ಚಪ್ಪಲಿ ಜೋಡಿಸುವುದಾದರೂ ಸರಿ, ಮಕ್ಕಳಿಗೆ ಅ ಆ ಇ ಈ ತಿದ್ದಿಸುವುದಾದರೂ ಸರಿ. ಊರಿನ ಮಂಡಳಿಯ ಜೊತೆ ವಾರಕ್ಕೊಮ್ಮೆ ವಿಡಿಯೋ ಕಾಲ್ ಇರಲಿ, ಆದರೆ ಅದೊಂದೇ ಆಗದಿರಲಿ. ಇಲ್ಲಿ ಸಂಜೆ ಭಜನೆಯ ಹೊತ್ತಿಗೆ ಅಲ್ಲಿ ಬೆಳಗಿನ ಕಾಫಿಯ ಹೊತ್ತು.

ಎಂಟನೇ ಹೆಜ್ಜೆ: ಬರಲಾಗದವರ ಮನೆಗೆ ಹೋಗಿ

ನನ್ನ ಪುಸ್ತಕದಲ್ಲಿ ಈಗ ‘ಹಗುರ’ ಅಂತ ಹೆಚ್ಚು ಸಲ ಬರುವುದು ಈ ಕೆಲಸದ ಮುಂದೆ. ಚರ್ಚುಗಳಲ್ಲಿ ಇದು ಹಿಂದಿನಿಂದ ನಡೆದು ಬಂದಿದೆ. ಎಷ್ಟೋ ಕಡೆ ತಿಂಗಳ ಮೊದಲ ಶುಕ್ರವಾರ ಹಾಸಿಗೆ ಹಿಡಿದವರ ಮನೆಗೆ ಪರಮ ಪ್ರಸಾದ ತಗೊಂಡು ಹೋಗುತ್ತಾರೆ. ನಾವು ಅದನ್ನು ನೋಡಿ ಕಲಿತೆವು. ತಿಂಗಳಿಗೆ ಒಂದು ಗುರುವಾರ ಭಜನೆಯನ್ನು ದೇವಸ್ಥಾನದಲ್ಲಿ ಮಾಡುವುದಿಲ್ಲ, ಬರಲಾಗದವರ ಮನೆಯಲ್ಲಿ ಮಾಡುತ್ತೇವೆ.

ಮೊದಲೇ ಫೋನ್ ಮಾಡಿ ಮನೆಯವರಿಗೆ ಯಾವ ಹೊತ್ತು ಅನುಕೂಲ ಅಂತ ಕೇಳಿ. ಐದಾರು ಜನಕ್ಕಿಂತ ಜಾಸ್ತಿ ಹೋಗಬೇಡಿ. ತಿಂಡಿ ಕಾಫಿ ಬೇಡವೇ ಬೇಡ ಅಂತ ಖಂಡಿತವಾಗಿ ಹೇಳಿ, ಇಲ್ಲದಿದ್ದರೆ ನೋಡಿಕೊಳ್ಳುವ ಸೊಸೆಗೆ ಇನ್ನೊಂದು ಕೆಲಸ. ಮೈಕ್ ಬೇಡ, ತಾಳ ಮೆಲ್ಲಗೆ. ಕಿವಿ ಕೇಳದವರಾದರೆ ಹಾಸಿಗೆಯ ಹತ್ತಿರವೇ, ಮುಖ ಕಾಣುವ ಹಾಗೆ ಕೂರಿ. ಅರ್ಧ ಗಂಟೆ ಸಾಕು. ಮೊದಲ ಹಾಡು ಅವರಿಗೆ ಇಷ್ಟವಾದದ್ದೇ ಇರಲಿ. ಆರೋಗ್ಯದ ಬಗ್ಗೆ ಸಲಹೆ ಕೊಡಬೇಡಿ, ಯಾರು ಸತ್ತರು ಅನ್ನುವ ಸುದ್ದಿ ತಗೊಂಡು ಹೋಗಬೇಡಿ. ದೇವಸ್ಥಾನದ ಸುದ್ದಿ ಹೇಳಿ. ಅವರ ಹತ್ತಿರ ಏನಾದರೂ ಕೇಳಿ: ಆ ಹಾಡಿನ ಮೂರನೇ ಚರಣ ಹೇಗಿತ್ತು, ಹಿಂದೆಲ್ಲ ರಥೋತ್ಸವಕ್ಕೆ ತಳಿರು ಎಲ್ಲಿಂದ ತರುತ್ತಿದ್ದರು.

ನಾಳೆ ನಾವೂ ಆ ಹಾಸಿಗೆಯಲ್ಲಿ ಇರುತ್ತೇವೆ. ಆಗ ‘ಯಾಕೆ ಸುಮ್ನೆ ತೊಂದರೆ ತಗೊಂಡಿರಿ’ ಅನ್ನದೆ, ‘ಬನ್ನಿ, ಕೂರಿ’ ಅನ್ನುವುದನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಬೇಕು. ನನಗೆ ಅದಿನ್ನೂ ಪೂರ್ತಿ ಬಂದಿಲ್ಲ. ಹೋದ ತಿಂಗಳು ಜ್ವರದಲ್ಲಿ ಮಲಗಿದ್ದಾಗ ಹಾರ್ಮೋನಿಯಂ ಹುಡುಗಿ ಸಾರು ಅನ್ನ ತಂದಳು. ಬೇಡ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ, ಊಟ ಮಾಡಿದೆ.

ನನಗೆ ಮೊದಲ ದೇವರನಾಮ ಕಲಿಸಿದವರ ಮನೆಗೂ ಈಗ ಹೋಗುತ್ತೇವೆ. ಅವರಿಗೆ 86. ಅಲ್ಲಿ ನಾಲ್ಕೂವರೆ ಶ್ರುತಿಯೂ ಮೇಲಾಗುತ್ತದೆ, ನಾಲ್ಕಕ್ಕೆ ಇಳಿಸುತ್ತೇವೆ. ಆಗ ಅವರೂ ಜೊತೆಗೆ ಹಾಡುತ್ತಾರೆ.

ಹೊರಡುವ ಮುಂಚೆ ಒಂದು ಕೆಲಸ ಮರೆಯಬೇಡಿ. ‘ಮತ್ತೆ ಬರ್ತೀವಿ’ ಅಂತ ಸುಮ್ನೆ ಹೇಳಿ ಬರಬೇಡಿ. ಗೋಡೆಯ ಮೇಲಿನ ಕ್ಯಾಲೆಂಡರ್ ಇಳಿಸಿ, ಮುಂದಿನ ತಿಂಗಳ ಗುರುವಾರಕ್ಕೆ ಕೆಂಪು ಪೆನ್ನಿನಲ್ಲಿ ದಪ್ಪವಾಗಿ ಸುತ್ತು ಹಾಕಿ. ಹಾಸಿಗೆಯಿಂದ ಕಣ್ಣಿಗೆ ಬೀಳುವ ಮೊಳೆಗೆ ಅದನ್ನು ತಗುಲಿಸಿ ಬನ್ನಿ.